ಥರ್ಗುಡ್ ಗೋಲುಗಳ ಲೆಕ್ಕ ಹೊಂದದಿರುವುದೇಕೆ
ಆಸ್ಟ್ರೇಲಿಯನ್ ಫುಟ್‌ಬಾಲ್ ಆಟಗಾರ ಆಲ್ಬರ್ಟ್ ಥರ್ಗುಡ್ ಹೊಡೆದ ಗೋಲು ನಿಮಗೆ ಒಂದೆಡೆ 89, ಇನ್ನೊಂದೆಡೆ ಅದರ ದುಪ್ಪಟ್ಟಿಗಿಂತ ಹೆಚ್ಚು ಎಂದು ಕಾಣುತ್ತಿರುವುದಕ್ಕೆ ಬಹುಶಃ ಕಾರಣವಿದು: 89 ಎಂಬುದು 1897ರಲ್ಲಿ ಶುರುವಾದ ವಿಕ್ಟೋರಿಯನ್ ಫುಟ್‌ಬಾಲ್ ಲೀಗಿನ ಲೆಕ್ಕ ಮಾತ್ರ. ‘ಆಲ್ಬರ್ಟ್ ದಿ ಗ್ರೇಟ್’ ಎನಿಸಿಕೊಂಡ ಇವನ ಭರಾಟೆ ಹೆಚ್ಚಾಗಿ ಅದಕ್ಕೂ ಹಿಂದಿನದು. ಅದನ್ನು ಬಿಟ್ಟು ಎಣಿಸುವುದು ಅನ್ಯಾಯ.

ಮೊದಲು ಅವನ ಕ್ಲಬ್ ಎಸೆಂಡನ್ ಹಳೆಯ ವಿಕ್ಟೋರಿಯನ್ ಫುಟ್‌ಬಾಲ್ ಅಸೋಸಿಯೇಷನ್‌ನಲ್ಲಿದ್ದ 1892–94ರ ಋತುಗಳನ್ನು ಬೇರೆ ಹಾಳೆಯಲ್ಲಿ ಬರೆದುಕೊಳ್ಳಿ. ನಂತರ ಪಶ್ಚಿಮ ಆಸ್ಟ್ರೇಲಿಯಾದ ಫ್ರೀಮ್ಯಾಂಟಲ್ ಕ್ಲಬ್ಬಿಗೆ ಆಡಿದ ವರ್ಷಗಳು, ಕೊನೆಗೆ ಲೀಗ್. ಅನುಮಾನ ಬಂದ ಪಂದ್ಯಕ್ಕೆ ಆಸ್ಟ್ರೇಲಿಯಾ ರಾಷ್ಟ್ರೀಯ ಗ್ರಂಥಾಲಯದ ಟ್ರೋವ್ ತಾಣದಲ್ಲಿ ಮೆಲ್ಬರ್ನ್‌ನ ಆರ್ಗಸ್ ಪತ್ರಿಕೆ ತೆರೆಯಿರಿ. ಶನಿವಾರದ ಪಂದ್ಯದ ವರದಿಯನ್ನು ಸೋಮವಾರದ ಸಂಚಿಕೆಯಲ್ಲಿ ಹುಡುಕಿ. ನಾನೂ ಹೀಗೆಯೇ ಎಣಿಸಿದ್ದು. ಎರಡು ಪತ್ರಿಕೆಗಳು ಒಂದೇ ಗೋಲನ್ನು ಬೇರೆ ಬೇರೆಯವರ ಹೆಸರಿಗೆ ಹಾಕಿದ್ದರೆ ಎರಡನ್ನೂ ಗುರುತಿಸಿಡಿ.