ಮಗನ ಕಿವಿಯಲ್ಲಿ ನೀರು, ಡಾಕ್ಟರು ಕಾಯಿರಿ ಎನ್ನುತ್ತಾರೆ

ತಂಗೀ, ಕುಮಟಾದಲ್ಲಿ ಗಟ್ಟಿಮುಟ್ಟಾಗಿದ್ದ ಮಗ ಇಂಗ್ಲೆಂಡಿಗೆ ಬಂದು ನರ್ಸರಿ ಸೇರಿದ ಮೇಲೆ ಬಿಡದ ನೆಗಡಿ, ಕಿವಿನೋವು. ಈಗ ಕರೆದರೂ ತಿರುಗುವುದಿಲ್ಲ. ಡಾಕ್ಟರು ಕಿವಿಯೊಳಗೆ ದ್ರವ ನಿಂತಿದೆ ಎಂದರೇ ಹೊರತು ಔಷಧಿ ಬರೆಯಲಿಲ್ಲ, ಮೂರು ತಿಂಗಳು ಬಿಟ್ಟು ಬನ್ನಿ ಎಂದು ಕಳಿಸಿದರು. ಊರಿಗೇ ಕರೆದೊಯ್ದು ತೋರಿಸಲೇ ಎಂದು ಕೇಳಿದ್ದೀಯ. ಬೇಡ. ಟಿಕೆಟಿನ ದುಡ್ಡು ಉಳಿಸಿಕೊ.

ಚಿಕ್ಕ ಮಕ್ಕಳಲ್ಲಿ ಮೂಗಿನ ಹಿಂಭಾಗದಿಂದ ನಡುಗಿವಿಗೆ, ಅಂದರೆ ಕಿವಿಯ ತಮಟೆಯ ಒಳಬದಿಗೆ, ಹೋಗುವ ನಾಳ ಗಿಡ್ಡ, ಇಳಿಜಾರೂ ಕಡಿಮೆ. ನೆಗಡಿಯಾದರೆ ಊದಿ ಕಟ್ಟಿಕೊಳ್ಳುತ್ತದೆ. ಒಳಗೆ ಗಾಳಿಯಾಡದೆ ದ್ರವ ತುಂಬುತ್ತದೆ, ಕೆಲವರಲ್ಲಿ ಗೋಂದಿನಷ್ಟು ಮಂದವಾಗುತ್ತದೆ. ಹತ್ತು ವರ್ಷ ತುಂಬುವುದರೊಳಗೆ 10ರಲ್ಲಿ 8 ಮಕ್ಕಳಿಗೆ ಇದು ಒಮ್ಮೆಯಾದರೂ ಬಂದುಹೋಗುತ್ತದೆ ಎಂಬುದು ಇಲ್ಲಿನವರ ಲೆಕ್ಕ. ಬಹುಪಾಲು ಮೂರು ತಿಂಗಳಲ್ಲಿ ತಾನಾಗಿಯೇ ಇಳಿಯುತ್ತದೆ. ಆ್ಯಂಟಿಬಯಾಟಿಕ್‌ನಿಂದ ಬೇಗ ಇಳಿಯುವಂಥದ್ದಲ್ಲ.

ಈ ಕಾಯುವ ಮಾತು ನಮ್ಮ ಕಡೆಯವರಿಗೆ ಜೀರ್ಣವಾಗುವುದಿಲ್ಲ. ದೊಡ್ಡ ಕಾಯಿಲೆಗೆ ಮಣಿಪಾಲಕ್ಕೋ ಹುಬ್ಬಳ್ಳಿಗೋ ಗೋವಾಕ್ಕೋ ರಾತ್ರೋರಾತ್ರಿ ಓಡುವ ಜಿಲ್ಲೆಯವರು ನಾವು. ಸಣ್ಣ ಕಾಯಿಲೆಗೆ ಚೀಟಿ ತುಂಬ ಬರೆಯದ ಡಾಕ್ಟರನ್ನು ಡಾಕ್ಟರೆಂದೇ ಎಣಿಸುವುದಿಲ್ಲ. ಇಂಗ್ಲೆಂಡಿನಲ್ಲಿ 16ರೊಳಗಿನವರಿಗೆ ಚೀಟಿಯ ಔಷಧಿ ಪುಕ್ಕಟೆ. ಹಾಗಾಗಿ ನಿನ್ನ ದುಡ್ಡು ಉಳಿಸಲು ಹೀಗೆ ಮಾಡಿದರು ಎಂದುಕೊಳ್ಳಬೇಡ.

ಹಾಗೆಂದು ಕೈಕಟ್ಟಿ ಕೂರಬೇಡ. ನಾಳೆಯೇ ನರ್ಸರಿಯ ಟೀಚರಿಗೆ ಹೇಳು: ಮಗುವನ್ನು ಮುಂದೆ ಕೂರಿಸಲಿ, ಹೆಸರು ಕರೆದು, ಅವನು ಮುಖ ನೋಡಿದ ಮೇಲೆ ಮಾತಾಡಲಿ. ಇಲ್ಲವಾದರೆ ಹಟಮಾರಿ ಎಂಬ ಹಣೆಪಟ್ಟಿ ಬೀಳುತ್ತದೆ. ಮನೆಯಲ್ಲಿ ಮಾತಾಡುವಾಗ ಟಿವಿ ಆರಿಸು. ಮೂರು ತಿಂಗಳಾದ ಮೇಲೆ ಅವರು ಕರೆಯಲಿ ಎಂದು ಕಾಯದೆ ನೀನೇ ಫೋನ್ ಮಾಡಿ ಶ್ರವಣ ಪರೀಕ್ಷೆ ಕೇಳು. ಅದರ ಜೊತೆಗೆ ಕಿವಿಗೆ ಮೆತ್ತನೆಯ ರಬ್ಬರ್ ತುದಿ ಇಟ್ಟು ಗಾಳಿಯ ಒತ್ತಡ ಬದಲಿಸುತ್ತಾರೆ; ಕಿವಿ ಸರಿಯಿದ್ದರೆ ಯಂತ್ರದ ಪರದೆಯ ಮೇಲಿನ ಗೆರೆ ಏರಿ ಇಳಿಯುತ್ತದೆ, ದ್ರವವಿದ್ದರೆ ಚಪ್ಪಟೆ. ಆಗಲೂ ಕೇಳಿಸದಿದ್ದರೆ ಕೆಲಕಾಲ ಶ್ರವಣ ಸಾಧನ, ಇಲ್ಲವೇ ತಮಟೆಯಲ್ಲಿ ಗ್ರೊಮೆಟ್ ಎಂಬ ಪುಟ್ಟ ಕೊಳವೆ. ಸಾಮಾನ್ಯವಾಗಿ 6ರಿಂದ 12 ತಿಂಗಳಲ್ಲಿ ಅದು ತಾನೇ ಉದುರುತ್ತದೆ. ನಮ್ಮ ಮಗಳಿಗೆ ಹಾಕಿಸಿದ್ದೆವು. ಬೆಳಿಗ್ಗೆ ಹೋಗಿ ಸಂಜೆಗೆ ಮನೆ. ಮರುದಿನ ಕುಕ್ಕರ್ ಕೂಗಿದ್ದೇ ಎರಡೂ ಕಿವಿ ಮುಚ್ಚಿಕೊಂಡು ನನ್ನನ್ನು ಬೈದಳು!

ಊರಿನಿಂದ ನಿನ್ನ ಅತ್ತೆ ಬೆಳ್ಳುಳ್ಳಿ ಹಾಕಿ ಕಾಯಿಸಿದ ತೆಂಗಿನೆಣ್ಣೆ ಕಿವಿಗೆ ಬಿಡು ಎಂದು ಹೇಳಿಯೇ ಹೇಳುತ್ತಾರೆ. ಹೂಂ ಎನ್ನು, ಬಿಡಬೇಡ. ದ್ರವ ಇರುವುದು ತಮಟೆಯ ಆಚೆ, ಎಣ್ಣೆ ಅಲ್ಲಿಗೆ ತಲುಪುವುದಿಲ್ಲ. ತಮಟೆ ತೂತಾಗಿದ್ದರೆ ತೊಂದರೆಯೇ.

ಕಿವಿ ಸೋರಿದರೆ, ಕಿವಿಯ ಹಿಂದೆ ಊದಿಕೊಂಡರೆ, ಜ್ವರ ಏರಿ ಮಗು ಮಂಕಾದರೆ ಮಾತ್ರ ಈ ಮೂರು ತಿಂಗಳ ಲೆಕ್ಕ ಮರೆತು ಅದೇ ದಿನ ತೋರಿಸು. ರಾತ್ರಿಯಾದರೆ ಇಲ್ಲಿನ ಆರೋಗ್ಯ ಸಹಾಯವಾಣಿ 111ಕ್ಕೆ ಫೋನ್ ಮಾಡು. ಗಾಬರಿಯಲ್ಲಿ ಇಂಗ್ಲಿಷ್ ತಡವರಿಸಿದರೆ ದುಭಾಷಿ ಬೇಕೆಂದು ಕೇಳು, ಕೊಡುತ್ತಾರೆ.