ಮೊಣಕಾಲಿನ ಮೆನಿಸ್ಕಸ್: ತಮ್ಮನಿಗೆ ಹೊಲಿಗೆ, ಅವ್ವನಿಗೆ ವ್ಯಾಯಾಮ ಯಾಕೆ?

ಕಾರಟಗಿಯ ಓದುಗರೊಬ್ಬರು ಬರೆದಿದ್ದಾರೆ: "ನನ್ನ ತಮ್ಮನಿಗೆ 20 ವರ್ಷ. ಕಬಡ್ಡಿ ಆಡುವಾಗ ಮೊಣಕಾಲು ತಿರುಚಿತು. ಈಗ ಕಾಲು ಪೂರ್ತಿ ನೆಟ್ಟಗೆ ಆಗುತ್ತಿಲ್ಲ. ಎಂಆರ್‌ಐನಲ್ಲಿ ಮೆನಿಸ್ಕಸ್ ಹರಿದಿದೆ ಅಂತ ಬಂತು. ಬಳ್ಳಾರಿಯಲ್ಲಿ ತೋರಿಸಿದ ಡಾಕ್ಟರು ಹೊಲಿಗೆ ಹಾಕಬೇಕು, ಆರು ವಾರ ಊರುಗೋಲು ಬೇಕು ಎಂದರು. ರಾಯಚೂರಿನಲ್ಲಿ ಇನ್ನೊಬ್ಬರು ಹರಿದ ತುಂಡು ತೆಗೆದುಬಿಡೋಣ, ವಾರದಲ್ಲಿ ಓಡಾಡಬಹುದು ಎಂದರು. ನಮ್ಮ ಅವ್ವನಿಗೆ 54. ನಾಟಿಗೆ, ಕಳೆ ತೆಗೆಯಲು ಹೋಗುತ್ತಾಳೆ. ಅವಳ ಎಂಆರ್‌ಐನಲ್ಲೂ ಇದೇ ಹೆಸರು ಬಂದಿದೆ. ಆದರೆ ಅವಳಿಗೆ ಆಪರೇಷನ್ನೇ ಬೇಡವಂತೆ. ಒಂದೇ ತೊಂದರೆಗೆ ಮೂರು ಮಾತು ಯಾಕೆ? ಅವ್ವ ಅಂಜನಾದ್ರಿ ಹತ್ತಬಹುದಾ?"

ಸೋದರಿ, ನಿಮ್ಮ ಗೊಂದಲ ನ್ಯಾಯವಾದದ್ದೇ. ಎರಡು ರಿಪೋರ್ಟಿನಲ್ಲೂ ಒಂದೇ ಹೆಸರಿದ್ದರೆ ಯಾರಿಗಾದರೂ ಹೀಗೇ ಅನಿಸುತ್ತದೆ. ನಾನು ಡಾಕ್ಟರಲ್ಲ. ನಿಮ್ಮವರ ಕಾಲನ್ನು ಮುಟ್ಟಿ ನೋಡಿದವರ ಮಾತೇ ಕೊನೆಯದು. ಆದರೆ ಆ ಡಾಕ್ಟರುಗಳ ಹತ್ತಿರ ಏನು ಕೇಳಬೇಕು ಅನ್ನುವುದನ್ನು ಹೇಳಬಲ್ಲೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ತಮ್ಮನ ಮೆನಿಸ್ಕಸ್ಸಿಗೆ ಹೊಲಿಗೆ ಹಾಕಲು ಬರುವಂತಿದ್ದರೆ ಹಾಕಿಸಿ. ಆರು ವಾರದ ಊರುಗೋಲಿಗೆ ಹೆದರಿ ಕತ್ತರಿಸಲು ಒಪ್ಪಬೇಡಿ.

ಯಾಕೆ ಅಂದರೆ ಮೆನಿಸ್ಕಸ್ ಮೊಣಕಾಲಿನ ಭಾರ ಹೊರುವ ಭಾಗ. ಮಟನ್ ಅಂಗಡಿಯಲ್ಲಿ ಕುರಿಯ ಹಿಂಗಾಲಿನ ಮೊಣಕಾಲ ಗಂಟು ಬಿಡಿಸುವಾಗ ಒಮ್ಮೆ ಗಮನಿಸಿ. ಮೇಲಿನ ಎಲುಬು, ಕೆಳಗಿನ ಎಲುಬು ಬೇರೆಯಾದ ಮೇಲೆ, ಕೆಳಗಿನದರ ತಲೆಯ ಮೇಲೆ ಬೆಳ್ಳಗೆ, ನುಣ್ಣಗೆ, ಬಾಗಿದ ಎರಡು ತುಂಡು ಕಾಣುತ್ತವೆ. ಹೊರಗಿನ ಅಂಚು ದಪ್ಪ, ಒಳಗಿನ ಅಂಚು ತೆಳು. ಬೆರಳಿನಿಂದ ಒತ್ತಿದರೆ ಬಗ್ಗುತ್ತವೆ, ಕಿತ್ತರೆ ಸುಲಭಕ್ಕೆ ಬರುವುದಿಲ್ಲ. ಎರಡು ತುದಿಯಲ್ಲೂ ಎಲುಬಿಗೆ ಗಟ್ಟಿಯಾಗಿ ಅಂಟಿಕೊಂಡಿರುತ್ತವೆ. ಅವೇ ಮೆನಿಸ್ಕಸ್. ನಮ್ಮ ಮೊಣಕಾಲಲ್ಲೂ ಹೀಗೇ ಒಳಬದಿಗೆ ಒಂದು, ಹೊರಬದಿಗೆ ಒಂದು ಇರುತ್ತದೆ.

ತೊಡೆಯ ಎಲುಬಿನ ತುದಿ ಗುಂಡಗಿದೆ. ಅದು ಕೂರುವ ಜಾಗ ಹೆಚ್ಚುಕಡಿಮೆ ಚಪ್ಪಟೆ. ಗುಂಡಗಿನದು ಚಪ್ಪಟೆಯ ಮೇಲೆ ಕೂತರೆ ತಾಗುವ ಜಾಗ ತೀರಾ ಚಿಕ್ಕದು, ಇಡೀ ಭಾರ ಅಲ್ಲೇ ಬೀಳುತ್ತದೆ. ಸುತ್ತ ಉಳಿದ ಸಂದನ್ನು ಮೆನಿಸ್ಕಸ್ ತುಂಬುತ್ತದೆ, ಭಾರವನ್ನು ಹರಡುತ್ತದೆ. ಕಾಲು ನೆಟ್ಟಗಿದ್ದಾಗ ಕೀಲಿನ ಭಾರದಲ್ಲಿ ಸುಮಾರು ಅರ್ಧ ಇದರ ಪಾಲು. ಮೊಣಕಾಲು 90 ಡಿಗ್ರಿ ಮಡಚಿದಾಗ ಅದು ಸುಮಾರು ಶೇ. 85ಕ್ಕೆ ಏರುತ್ತದೆ. ಅಂದರೆ ನಾವು ಕುಕ್ಕರಗಾಲಲ್ಲಿ ಕೂತು ಏಳುವಾಗ ಮೆನಿಸ್ಕಸ್ ಮೇಲೇ ಜಾಸ್ತಿ ಭಾರ.

ಇದನ್ನು ಅದು ಹೇಗೆ ಹೊರುತ್ತದೆ ಅನ್ನುವುದರಲ್ಲೇ ನಿಮ್ಮ ಪ್ರಶ್ನೆಗೆ ಉತ್ತರ ಇದೆ. ಮೇಲಿನಿಂದ ಭಾರ ಬಿದ್ದಾಗ ಮೆನಿಸ್ಕಸ್ ಹೊರಕ್ಕೆ ಜಾರಲು ನೋಡುತ್ತದೆ. ಅದರೊಳಗೆ ಮುಂದಿನ ತುದಿಯಿಂದ ಹಿಂದಿನ ತುದಿಯವರೆಗೆ ಸುತ್ತಲೂ ಓಡುವ ನಾರುಗಳಿವೆ. ಆ ನಾರುಗಳು ಬಿಗಿದು ಹಿಡಿಯುತ್ತವೆ. ಎತ್ತಿನ ಬಂಡಿಯ ಗಾಲಿಗೆ ಸುತ್ತ ಹೊಡೆದ ಕಬ್ಬಿಣದ ಪಟ್ಟಿ ಮರದ ತುಂಡುಗಳನ್ನು ಬಿಚ್ಚಿಕೊಳ್ಳಲು ಬಿಡದೆ ಹಿಡಿಯುತ್ತದಲ್ಲ, ಅದೇ ಲೆಕ್ಕ. ಪಟ್ಟಿಯ ಮೇಲೆ ಉದ್ದಕ್ಕೆ ಸೀಳು ಬಿಟ್ಟರೂ ಗಾಲಿ ಒಂದಷ್ಟು ದಿನ ಓಡುತ್ತದೆ. ಅಡ್ಡಕ್ಕೆ ತುಂಡಾದರೆ ಪಟ್ಟಿ ಇದ್ದೂ ಇಲ್ಲದಂತೆ. ಹಾಗಾಗಿ "ಹರಿದಿದೆ" ಅನ್ನುವ ಒಂದು ಮಾತು ಸಾಲದು. ನಾರಿನ ಉದ್ದಕ್ಕೆ ಹರಿದಿದೆಯಾ, ಅಡ್ಡಕ್ಕೆ ಹರಿದಿದೆಯಾ, ತುದಿಯ ಬೇರೇ ಕಿತ್ತಿದೆಯಾ, ಅದನ್ನು ಕೇಳಬೇಕು.

ಇಷ್ಟು ಕೆಲಸ ಮಾಡುವ ಅಂಗವನ್ನು ವೈದ್ಯರೇ ಬಹಳ ಕಾಲ ಕಡೆಗಣಿಸಿದ್ದರು. 1883ರಲ್ಲಿ ಎಡಿನ್‌ಬರೊದಲ್ಲಿ ಥಾಮಸ್ ಆನಂಡೇಲ್ ಎಂಬ ಸರ್ಜನ್ ಒಬ್ಬ ಗಣಿ ಕಾರ್ಮಿಕನ ಮೆನಿಸ್ಕಸ್ಸಿಗೆ ಹೊಲಿಗೆ ಹಾಕಿದರು. ಆದರೂ 1897ರಲ್ಲಿ ಇನ್ನೊಬ್ಬ ಬ್ರಿಟಿಷ್ ಸರ್ಜನ್, ಇದು ಕಾಲಿನ ಹಳೆಯ ಸ್ನಾಯುವಿನ ಕೆಲಸಕ್ಕೆ ಬಾರದ ಉಳಿಕೆ ಎಂದು ಬರೆದರು. ಮುಂದೆ ದಶಕಗಟ್ಟಲೆ, ಹರಿದ ಮೆನಿಸ್ಕಸ್ಸನ್ನು ಪೂರ್ತಿ ಕಿತ್ತು ತೆಗೆಯುವುದೇ ರೂಢಿಯಾಯಿತು. 1948ರಲ್ಲಿ ಫೇರ್‌ಬ್ಯಾಂಕ್ ಎಂಬುವರು ಹಾಗೆ ತೆಗೆಸಿಕೊಂಡವರ ಎಕ್ಸ್‌ರೇಗಳನ್ನು ನೋಡಿದರು. ಕೀಲಿನ ಸಂದು ಕಿರಿದಾಗಿತ್ತು. ತೊಡೆಯ ಎಲುಬಿನ ಗುಂಡು ತುದಿ ಚಪ್ಪಟೆಯಾಗಿತ್ತು. ಅಂಚಿನಲ್ಲಿ ಎಲುಬು ಬೆಳೆದಿತ್ತು. ಆಮೇಲೂ ಆ ರೂಢಿ ಬಿಡಲು ಬಹಳ ವರ್ಷ ಬೇಕಾದವು. ಎಷ್ಟು ಜನರ ಮೊಣಕಾಲು ಆ ನಡುವೆ ಸವೆಯಿತೋ ಎಂದು ನೆನೆದರೆ ಸಂಕಟವಾಗುತ್ತದೆ.

1986ರಲ್ಲಿ ಶವದ ಮೊಣಕಾಲುಗಳಲ್ಲಿ ಒತ್ತಡ ಅಳೆದು ನೋಡಿದರು. ಮೆನಿಸ್ಕಸ್ ಪೂರ್ತಿ ತೆಗೆದಾಗ ಎಲುಬುಗಳು ತಾಗುವ ಜಾಗ ಶೇ. 75ರಷ್ಟು ಕಡಿಮೆಯಾಯಿತು. ಅತಿ ಹೆಚ್ಚು ಒತ್ತಡ ಬೀಳುವ ಕಡೆ ಅದು ಮೂರು ಪಟ್ಟಿಗಿಂತ ಜಾಸ್ತಿಯಾಯಿತು. ಹರಿದ ತುಂಡನ್ನಷ್ಟೇ ತೆಗೆದಾಗ ತಾಗುವ ಜಾಗ ಕಡಿಮೆಯಾದದ್ದು ಶೇ. 10 ಮಾತ್ರ, ಆದರೆ ಒತ್ತಡ ಶೇ. 65ರಷ್ಟು ಏರಿತು. ಹೊರ ಅಂಚಿನಲ್ಲಿ ಹರಿದದ್ದನ್ನು ಹೊಲಿದಾಗ ಹೆಚ್ಚುಕಡಿಮೆ ಮೊದಲಿನಂತೆಯೇ ಇತ್ತು. "ಸ್ವಲ್ಪ ತೆಗೆದರೆ ಏನಾಗುತ್ತೆ" ಅನ್ನುವವರು ಆ 65ನ್ನು ನೆನಪಿಡಬೇಕು.

ಈಗ ತಮ್ಮನ ವಿಷಯಕ್ಕೆ ಬರೋಣ. ರೈಡ್ ಮಾಡುವಾಗ ಎದುರಾಳಿ ಪಾದ ಹಿಡಿದಿರುತ್ತಾನೆ, ಮೈ ಗೆರೆಯ ಕಡೆ ತಿರುಗುತ್ತದೆ. ಪಾದ ನಿಂತು, ತೊಡೆ ತಿರುಗಿ, ಮೇಲೆ ಭಾರ ಬಿದ್ದಾಗ ಮೆನಿಸ್ಕಸ್ ನಡುವೆ ಸಿಕ್ಕಿ ಹರಿಯುತ್ತದೆ. ಒಳಬದಿಯದು ಪಕ್ಕದ ಲಿಗಮೆಂಟಿಗೆ (ಎಲುಬಿಗೆ ಎಲುಬನ್ನು ಕಟ್ಟುವ ಪಟ್ಟಿಗೆ) ಅಂಟಿಕೊಂಡಿರುವುದರಿಂದ ಸರಿದು ತಪ್ಪಿಸಿಕೊಳ್ಳಲು ಅದಕ್ಕೆ ಜಾಗ ಕಡಿಮೆ. ಕಾಲು ಪೂರ್ತಿ ನೆಟ್ಟಗಾಗುತ್ತಿಲ್ಲ ಎಂದು ಬರೆದಿದ್ದೀರಿ. ಉದ್ದಕ್ಕೆ ಹರಿದ ದೊಡ್ಡ ತುಂಡು ಮಗುಚಿ ಕೀಲಿನ ನಡುವೆ ಕೂತಾಗ ಹೀಗಾಗುತ್ತದೆ. ಡಾಕ್ಟರುಗಳು ಅದನ್ನು ಬಕೆಟ್ ಹ್ಯಾಂಡಲ್ ಟೇರ್ ಅನ್ನುತ್ತಾರೆ. ರಿಪೋರ್ಟಿನಲ್ಲಿ ಆ ಮಾತು ಇದೆಯಾ ನೋಡಿ. ಇದ್ದರೆ ತಿಂಗಳುಗಟ್ಟಲೆ ಮುಂದೂಡುವಂಥದ್ದಲ್ಲ. ಸಿಕ್ಕಿಕೊಂಡ ತುಂಡು ಅರೆಯುತ್ತಾ ಹೋದರೆ ಹೊಲಿಯಲು ಏನೂ ಉಳಿಯುವುದಿಲ್ಲ. ಈ ಅವಧಿಯಲ್ಲಿ ಪುತ್ತೂರು ಕಟ್ಟು ಹಾಕಿಸೋಣ ಎಂದು ಹಿರಿಯರು ಯಾರಾದರೂ ಹೇಳಿದರೆ, ಇದು ಮುರಿದ ಎಲುಬಲ್ಲ ಎಂದು ತಿಳಿಸಿ ಹೇಳಿ.

ಹೊಲಿಗೆ ಕೂಡಬೇಕಾದರೆ ಅಲ್ಲಿ ರಕ್ತ ಹರಿಯಬೇಕು. ಮೆನಿಸ್ಕಸ್ಸಿನಲ್ಲಿ ರಕ್ತನಾಳ ಇರುವುದು ಹೊರ ಅಂಚಿನ ಶೇ. 10ರಿಂದ 30ರಷ್ಟು ಭಾಗದಲ್ಲಿ ಮಾತ್ರ. ಒಳ ಅಂಚು ಹರಿದರೆ ತಾನಾಗಿ ಕೂಡುವುದು ಕಷ್ಟ. ಹಾಗಾಗಿ ಎರಡನೇ ಡಾಕ್ಟರು ಹೇಳಿದ್ದು ತಪ್ಪು ಎಂದು ನಾನು ಹೇಳಲಾರೆ. ಒಳ ಅಂಚಿನಲ್ಲಿ ಚಿಂದಿಯಾಗಿದ್ದರೆ ಅಷ್ಟನ್ನು ನೀಟಾಗಿ ಕತ್ತರಿಸುವುದೇ ಸರಿ. ಅವರನ್ನು ನೇರವಾಗಿ ಕೇಳಿ: "ಸರ್, ಹರಿದಿರುವುದು ಹೊರ ಅಂಚಿನಲ್ಲಾ, ಒಳ ಅಂಚಿನಲ್ಲಾ? ಹೊಲಿಯಲು ಬರುತ್ತದೆಯಾ? ಕ್ಯಾಮೆರಾ ಹಾಕಿ ನೋಡಿದ ಮೇಲೆ ಹೊಲಿಯಬಹುದು ಅನಿಸಿದರೆ ಆಗಲೇ ಹೊಲಿಯುವಿರಾ?" ಕೊನೆಯ ಪ್ರಶ್ನೆಯನ್ನು ಬಿಡಬೇಡಿ. ಜೊತೆಗೆ ಕೀಲಿನ ನಡುವೆ ಇರುವ ಎಸಿಎಲ್ ಎಂಬ ಲಿಗಮೆಂಟ್ ಹೇಗಿದೆ ಎಂದೂ ಕೇಳಿ. ಅದು ಹರಿದಿದ್ದರೆ ಕೆಳಗಿನ ಎಲುಬು ಮುಂದಕ್ಕೆ ಜಾರುತ್ತಲೇ ಇರುತ್ತದೆ. ಅದನ್ನು ತಡೆಯುವ ಕೆಲಸವೂ ಮೆನಿಸ್ಕಸ್ಸಿನ ಹಿಂಭಾಗದ ಮೇಲೇ ಬೀಳುತ್ತದೆ, ಹಾಕಿದ ಹೊಲಿಗೆ ಬಿಡಬಹುದು.

ಆರು ವಾರ ಯಾಕೆ ಅಂತ ನಿಮಗೆ ಅನಿಸಬಹುದು. ಕಾಲನ್ನು 90 ಡಿಗ್ರಿ ದಾಟಿ ಮಡಚಿದರೆ ಮೆನಿಸ್ಕಸ್ ಹಿಂದಕ್ಕೆ ಸರಿಯುತ್ತದೆ, ಹಿಂಭಾಗದ ಮೇಲೆ ಒತ್ತಡ ಏರುತ್ತದೆ. ಹಸಿ ಹೊಲಿಗೆ ಅದನ್ನು ತಡೆಯುವುದಿಲ್ಲ. ಅದಕ್ಕೇ ಬೆಲ್ಟು, ಊರುಗೋಲು, ಮಡಚುವುದಕ್ಕೆ ಮಿತಿ. ಪೂರ್ತಿ ಕುಕ್ಕರಗಾಲು ನಾಲ್ಕಾರು ತಿಂಗಳು ಬೇಡ. ಮನೆಯಲ್ಲಿ ಇಂಡಿಯನ್ ಟಾಯ್ಲೆಟ್ ಇದ್ದರೆ ಆಪರೇಷನ್ನಿಗೆ ಮೊದಲೇ ಕಮೋಡ್ ಕುರ್ಚಿ ತಂದಿಡಿ. ಇದನ್ನು ಆಸ್ಪತ್ರೆಯಲ್ಲಿ ಹೇಳಲು ಮರೆಯುವುದೇ ಜಾಸ್ತಿ. ಕಬಡ್ಡಿ ಅಂಕಣಕ್ಕೆ ಮರಳಲು ಸಾಮಾನ್ಯವಾಗಿ ಆರು ತಿಂಗಳು ಬೇಕು. ಇನ್ನೊಂದನ್ನೂ ಮುಚ್ಚಿಡಬಾರದು. ಐದು ವರ್ಷಕ್ಕಿಂತ ಹೆಚ್ಚು ಕಾಲ ಹಿಂಬಾಲಿಸಿ ನೋಡಿದಾಗ, ಹೊಲಿಸಿಕೊಂಡ ನಾಲ್ಕೈದು ಜನರಲ್ಲಿ ಒಬ್ಬರಿಗೆ ಹೊಲಿಗೆ ಕೂಡಿರುವುದಿಲ್ಲ, ಮತ್ತೆ ಆಪರೇಷನ್ ಬೇಕಾಗಬಹುದು. ಆದರೂ ನಾನು ಹೊಲಿಗೆಯ ಕಡೆಗೇ ನಿಲ್ಲುತ್ತೇನೆ. ತೆಗೆದುಹಾಕಿದರೆ ಹುಡುಗ ವಾರದಲ್ಲಿ ಓಡಾಡುತ್ತಾನೆ, ನಿಜ. ಎಲುಬಿನ ತುದಿಯನ್ನು ಮುಚ್ಚಿರುವ ಕಾರ್ಟಿಲೇಜಿಗೆ ನರ ಇಲ್ಲ. ಅದು ಸವೆಯುವಾಗ ನೋವೇ ಆಗುವುದಿಲ್ಲ. ನೋವು ಶುರುವಾಗುವ ಹೊತ್ತಿಗೆ ಅವನಿಗೆ 35, 40 ಆಗಿರಬಹುದು. ದುಡಿಯುವ ವಯಸ್ಸು ಅದು, ಅಲ್ವಾ?

ಅವ್ವನದು ಬೇರೆ ಕಥೆ. ಗದ್ದೆಯ ಕೆಸರಲ್ಲಿ ಪಾದ ಹೂತಿರುತ್ತದೆ, ಮುಂದಿನ ಸಸಿ ಕಟ್ಟಿಗೆ ಕೈ ಚಾಚುವಾಗ ಮೊಣಕಾಲು ತಿರುಗುತ್ತದೆ. ಕಬಡ್ಡಿಯ ಅದೇ ತಿರುವು, ಆದರೆ ನಿಧಾನಕ್ಕೆ, ವರ್ಷಗಟ್ಟಲೆ. ಮನೆಗೆ ಬಂದರೆ ಕಾಲು ಮಡಚಿ ಒಲೆ ಮುಂದೆ ರೊಟ್ಟಿ ಬಡಿಯುವುದು. ಇಂಥ ಮೆನಿಸ್ಕಸ್ ವಯಸ್ಸಾದಂತೆ ನಾರುನಾರಾಗಿ ಹರಿಯುತ್ತದೆ. ಅಂಥದ್ದನ್ನು ಹೊಲಿದರೂ ನಿಲ್ಲುವುದಿಲ್ಲ. 2008ರಲ್ಲಿ ಅಮೆರಿಕದಲ್ಲಿ 50 ದಾಟಿದವರಿಗೆ ಎಂಆರ್‌ಐ ಮಾಡಿ ನೋಡಿದರು. ಮೆನಿಸ್ಕಸ್ ಹರಿದಿದ್ದವರಲ್ಲಿ ಶೇ. 61 ಜನರಿಗೆ ಹಿಂದಿನ ತಿಂಗಳಲ್ಲಿ ಮೊಣಕಾಲಿನ ತೊಂದರೆಯೇ ಇರಲಿಲ್ಲ. 2013ರಲ್ಲಿ ಫಿನ್‌ಲ್ಯಾಂಡಿನಲ್ಲಿ ಹೀಗೆ ಸವೆದು ಹರಿದವರಲ್ಲಿ ಕೆಲವರಿಗೆ ತುಂಡು ತೆಗೆದರು, ಕೆಲವರಿಗೆ ಕ್ಯಾಮೆರಾ ಹಾಕಿ ನೋಡಿ, ತುಂಡು ತೆಗೆಯದೆ ಬಿಟ್ಟರು. ಯಾರಿಗೆ ಯಾವುದು ಎಂದು ರೋಗಿಗೆ ಗೊತ್ತಿರಲಿಲ್ಲ. ವರ್ಷದ ಮೇಲೆ ಎರಡೂ ಗುಂಪಿನವರು ಒಂದೇ ಥರ ಇದ್ದರು. ಹಾಗಾಗಿ ಆಪರೇಷನ್ ಬೇಡ ಎಂದ ಡಾಕ್ಟರು ಸುಮ್ನೆ ಹೇಳಿದ್ದಲ್ಲ.

ಬೇಡ ಎಂದರೆ ಏನೂ ಮಾಡದೆ ಕೂರುವುದೂ ಅಲ್ಲ. ತೊಡೆಯ ಮುಂದಿನ ಸ್ನಾಯು ಗಟ್ಟಿಯಾದಷ್ಟೂ ಮೊಣಕಾಲಿಗೆ ಹಗುರ. ಕುರ್ಚಿಯಲ್ಲಿ ಕೂತು ಕಾಲನ್ನು ನೆಟ್ಟಗೆ ಎತ್ತಿ ಹಿಡಿಯುವುದು, ಕೈ ಊರದೆ ಕುರ್ಚಿಯಿಂದ ಏಳುವುದು, ಇವನ್ನು ಫಿಸಿಯೊಥೆರಪಿಯವರ ಹತ್ತಿರ ಕಲಿತು ಮೂರು ತಿಂಗಳು ಬಿಡದೆ ಮಾಡಲಿ. ಒಲೆಯನ್ನು ಕಟ್ಟೆಯ ಮೇಲೆ ಏರಿಸಿ. ಕಳೆ ತೆಗೆಯುವಾಗ ಕುಕ್ಕರಗಾಲು ಬಿಟ್ಟು ಚಿಕ್ಕ ಮಣೆ ಇಟ್ಟುಕೊಳ್ಳಲಿ.

ಅಂಜನಾದ್ರಿಗೆ 575 ಮೆಟ್ಟಿಲು. ಹತ್ತುವಾಗ ಏದುಸಿರು ಬರಬಹುದು, ಆದರೆ ಮೊಣಕಾಲು ನೋಯುವುದು ಇಳಿಯುವಾಗ. ಮೂರು ತಿಂಗಳ ವ್ಯಾಯಾಮ ಆಗಿ, ಮನೆಯ ಮೆಟ್ಟಿಲು ನೋವಿಲ್ಲದೆ ಇಳಿಯುವಂತಾದರೆ ಹೋಗಲಿ. ಕಂಬಿ ಹಿಡಿದು, ನಿಂತು ನಿಂತು ಇಳಿಯಲಿ.

ಆದರೆ ಅದಕ್ಕೂ ಮೊದಲು ಅವ್ವನನ್ನು ಕೂರಿಸಿಕೊಂಡು ಒಂದು ಮಾತು ಕೇಳಿ: ನೋವು ನಿಧಾನಕ್ಕೆ ಶುರುವಾಯಿತಾ, ಅಥವಾ ಒಂದು ದಿನ ಕೂತು ಏಳುವಾಗ ಮೊಣಕಾಲ ಹಿಂದೆ ಟಕ್ ಅಂದು, ಆಮೇಲೆ ಹಿಡಿದುಕೊಂಡಿತಾ? ಟಕ್ ಅಂದಿದ್ದರೆ ಮೆನಿಸ್ಕಸ್ಸಿನ ಹಿಂದಿನ ಬೇರೇ ಕಿತ್ತಿರಬಹುದು. 50 ದಾಟಿದ ಹೆಂಗಸರಲ್ಲಿ, ನೆಲದ ಮೇಲೆ ಕೂತು ಏಳುವ ರೂಢಿ ಇರುವ ಕಡೆ ಇದು ಜಾಸ್ತಿ ಕಾಣುತ್ತದೆ. ಎಕ್ಸ್‌ರೇಯಲ್ಲಿ ಗೊತ್ತಾಗುವುದಿಲ್ಲ. ಬೇರು ಕಿತ್ತರೆ ನಾರುಗಳಿಗೆ ಹಿಡಿತವೇ ಇಲ್ಲ. ಮೆನಿಸ್ಕಸ್ ಇಡಿಯಾಗಿದ್ದರೂ ಪೂರ್ತಿ ತೆಗೆದಷ್ಟೇ ಒತ್ತಡ ಬೀಳುತ್ತದೆ ಎಂದು 2008ರಲ್ಲಿ ಅಳೆದು ತೋರಿಸಿದ್ದಾರೆ. ಬೇರನ್ನು ಮತ್ತೆ ಎಲುಬಿಗೆ ಕಟ್ಟಿದಾಗ ಒತ್ತಡ ಮೊದಲಿನ ಮಟ್ಟಕ್ಕೆ ಇಳಿಯಿತು. ಕಾರ್ಟಿಲೇಜ್ ಆಗಲೇ ಸವೆದಿದ್ದರೆ ಅಥವಾ ಕಾಲು ತುಂಬಾ ಸೊಟ್ಟಗಾಗಿದ್ದರೆ ಈ ಆಪರೇಷನ್ ಅಷ್ಟು ಫಲ ಕೊಡುವುದಿಲ್ಲ, ಹಾಗಾಗಿ ತಡಮಾಡಿದಷ್ಟೂ ದಾರಿ ಮುಚ್ಚುತ್ತಾ ಹೋಗುತ್ತದೆ. ಅವ್ವನ ರಿಪೋರ್ಟಿನಲ್ಲಿ ರೂಟ್ ಟೇರ್ (ಬೇರು ಕಿತ್ತಿರುವುದು) ಅಥವಾ ಎಕ್ಸ್‌ಟ್ರೂಷನ್ (ಮೆನಿಸ್ಕಸ್ ಹೊರಕ್ಕೆ ಜಾರಿರುವುದು) ಅನ್ನುವ ಮಾತು ಇದೆಯಾ ಇವತ್ತೇ ನೋಡಿ. ಇದ್ದರೆ ಎಂಆರ್‌ಐ ಫಿಲ್ಮನ್ನೂ ಆಯುಷ್ಮಾನ್ ಕಾರ್ಡನ್ನೂ ಹಿಡಿದು, ಕೊಪ್ಪಳ, ರಾಯಚೂರು, ಬಳ್ಳಾರಿಯ ಮೆಡಿಕಲ್ ಕಾಲೇಜು ಆಸ್ಪತ್ರೆಗಳಲ್ಲಿ ನಿಮಗೆ ಅನುಕೂಲವಾದ ಕಡೆ ಎಲುಬು ವಿಭಾಗದಲ್ಲಿ ಈ ವಾರವೇ ತೋರಿಸಿ.

— ಸಂಪಾದಕ