ಹೆಂಚಿನ ಮನೆಗೆ ಸೋಲಾರ್: ಸಬ್ಸಿಡಿ ಕೈಗೆ ಬರುವುದು ಯಾವಾಗ?

ನಮಸ್ಕಾರ. ಅಂಕೋಲಾದ ನಿಮ್ಮ ಹೆಂಚಿನ ಮನೆಗೆ 3 ಕಿಲೋವ್ಯಾಟ್ ಹಾಕಿಸಿದರೆ ಸಬ್ಸಿಡಿ ಎಷ್ಟು, ಅದು ಮೊದಲೇ ಸಿಗುತ್ತದಾ ಅಂತ ಕೇಳಿದ್ದೀರಿ.

ಮನೆ ಮಾಡಿನ ಸೋಲಾರಿಗೆ ಕೇಂದ್ರ ಸರ್ಕಾರ ನೆರವು ಕೊಡುವ ಪಿಎಂ ಸೂರ್ಯಘರ್ ಯೋಜನೆಯಲ್ಲಿ ಮೊದಲ 2 ಕಿಲೋವ್ಯಾಟಿಗೆ ತಲಾ 30,000 ರೂಪಾಯಿ, ಮೂರನೆಯದಕ್ಕೆ 18,000. ಒಟ್ಟು 78,000. ಅದಕ್ಕಿಂತ ದೊಡ್ಡದು ಹಾಕಿಸಿದರೂ ಮನೆಗೆ ಅಷ್ಟೇ. ಮೊದಲೇ ಕೊಡುವುದಿಲ್ಲ, ಕೆಲಸ ಮುಗಿದು, ನೆಟ್ ಮೀಟರ್ (ಬಂದ, ಹೋದ ಕರೆಂಟ್ ಎರಡನ್ನೂ ಅಳೆಯುವ ಮೀಟರ್) ಕೂತು, ನಮ್ಮ ವಿದ್ಯುತ್ ಕಂಪನಿ ಹೆಸ್ಕಾಂನವರ ತಪಾಸಣೆ ಆದ ಮೇಲೆ ನಿಮ್ಮ ಖಾತೆಗೇ ಬರುತ್ತದೆ. ಅಲ್ಲಿಯವರೆಗಿನ ದುಡ್ಡು ನೀವೇ ಹೊಂದಿಸಬೇಕು, ಇಲ್ಲವೇ ಬ್ಯಾಂಕ್ ಸಾಲ ಕೇಳಬೇಕು. ಪ್ಯಾನೆಲ್ ಮಾತ್ರವಲ್ಲ, ಒಳಗಿನ ಸೆಲ್ ಕೂಡ ದೇಶದಲ್ಲೇ ತಯಾರಾದದ್ದಿರಬೇಕು. ಇದನ್ನು ಕೊಟೇಶನ್ನಿನಲ್ಲೇ ಬರೆಸಿಕೊಳ್ಳಿ.

ಕರೆಂಟ್ ಬಿಲ್ ಇನ್ನೂ ತೀರಿಹೋದ ತಂದೆಯವರ ಹೆಸರಲ್ಲಿದೆ ಅಂದಿರಲ್ಲ, ಮೊದಲು ಅದನ್ನು ಬದಲಾಯಿಸಿ. ನಮ್ಮ ಮನೆಯಲ್ಲಿ ಇದೇ ಕಾರಣಕ್ಕೆ ಒಂದು ಮಳೆಗಾಲವೇ ಕಳೆದುಹೋಯಿತು.

ಗೃಹಜ್ಯೋತಿಯಲ್ಲಿ ನಿಮಗೆ ಸೊನ್ನೆ ಬಿಲ್ ಬರುತ್ತಿದ್ದರೆ ಅವಸರ ಬೇಡ, ಉಳಿತಾಯ ಎಷ್ಟೆಂದು ಲೆಕ್ಕ ಹಾಕಿ. ಬ್ಯಾಟರಿ ಇಲ್ಲದ ಸಾಮಾನ್ಯ ಆನ್‌ಗ್ರಿಡ್ (ಹೆಸ್ಕಾಂ ಲೈನಿಗೆ ಜೋಡಿಸಿದ) ವ್ಯವಸ್ಥೆ ಕರೆಂಟ್ ಹೋದಾಗ ತಾನೂ ನಿಲ್ಲುತ್ತದೆ. ಜೂನ್-ಜುಲೈನಲ್ಲಿ ನಮ್ಮ ಕಡೆ ಲೈನ್ ಮೇಲೆ ಮರ ಬೀಳುವುದು ನಿಮಗೂ ಗೊತ್ತು. ಬ್ಯಾಟರಿ ಸೇರಿಸಿದರೆ ಖರ್ಚು ಏರುತ್ತದೆ, ಸಬ್ಸಿಡಿ ಏರುವುದಿಲ್ಲ.

ಹೆಂಚು, ಪಕ್ಕಾಸುಗಳು ಭಾರ ಮತ್ತು ಗಾಳಿ ತಡೆಯುತ್ತವೆಯಾ ಅಂತ ಬಡಗಿಯವರಿಗೆ ತೋರಿಸಿ. ತೆಂಗಿನ ನೆರಳು ಬೀಳದ ಜಾಗ ಸುಮಾರು 300 ಚದರ ಅಡಿ ಬೇಕು. ಕಡಲು ಹತ್ತಿರವಿದ್ದರೆ ಚೌಕಟ್ಟಿನ ಕಬ್ಬಿಣಕ್ಕೆ ಬರೀ ಬಣ್ಣ ಸಾಲದು, ದಪ್ಪ ಸತುವಿನ ಲೇಪ ಇರುವುದನ್ನೇ ಕೇಳಿ. ಉಪ್ಪುಗಾಳಿ ಉಳಿದದ್ದನ್ನು ತಿಂದುಹಾಕುತ್ತದೆ.